ಬೆಕ್ಕು ಒಪ್ಪಿದ ಗಾದಿ

ಬೈಲಹೊಂಗಲದ ಪೇಟೆಯಲ್ಲಿ ಬಾಬುಸಾಬ ನದಾಫನ ಅಂಗಡಿಗೆ ಬರುವವರಿಗೆಲ್ಲ ಒಂದು ಮಾತು ಗೊತ್ತಿತ್ತು. ಆ ಮನೆಯಲ್ಲಿ ಹೊಲಿದ ಗಾದಿಯ ಮೇಲೆ ಮೊದಲು ಬೆಕ್ಕು ಮಲಗಬೇಕು, ಆಮೇಲೆ ಮನುಷ್ಯರು. ಮಗಳ ಮದುವೆಗೆಂದು ಗಾದಿ ಹೇಳಲು ಬಂದವರು ಅದನ್ನೇ ಎತ್ತಿ ಆಡಿ ನಗುತ್ತಿದ್ದರು. ಬಾಬುಸಾಬನೂ ಅವರ ಜೊತೆ ನಕ್ಕು, ತನ್ನದು ಬೆಕ್ಕು ಪಾಸು ಮಾಡಿದ ಮಾಲು ಎಂದು ಹೇಳಿ ಚಹಾ ತರಿಸುತ್ತಿದ್ದ. ಗಾದಿ ಮಾಡುತ್ತಿದ್ದ ಅವನ ಹೆಂಡತಿ ಸೈದಾಬಿ ಮಾತ್ರ ನಗುತ್ತಿರಲಿಲ್ಲ. ಆ ಮನೆಯಲ್ಲಿ ಅವಳ ಕೆಲಸ ನೋಡಿ ಚೆನ್ನಾಗಿದೆ ಎಂದು ಹೇಳುತ್ತಿದ್ದ ಜೀವ ಅದೊಂದೇ.

ಅವಳು ರಾಮದುರ್ಗದವಳು. ಅಪ್ಪ ಹೆಗಲ ಮೇಲೆ ಹಿಂಜುವ ಬಿಲ್ಲು ಹೊತ್ತು ತೊರಗಲ್ಲಿನವರೆಗೂ ಊರೂರು ತಿರುಗಿ ಜನರ ಹಳೆಯ ಗಾದಿ ಬಿಚ್ಚಿ ಅರಳೆ ಹಿಂಜಿಕೊಡುತ್ತಿದ್ದ. ಆ ಮನೆಯಲ್ಲಿ ಬಿಲ್ಲು ಗಂಡಸರದು, ದಬ್ಬಣ ಹೆಂಗಸರದು. ಮದುವೆಯಾಗಿ ಬೈಲಹೊಂಗಲಕ್ಕೆ ಬಂದ ಮೇಲೆ ನೋಡಿದರೆ ಇಲ್ಲಿ ಬಿಲ್ಲೂ ದಬ್ಬಣವೂ ಅತ್ತೆ ಮಾಬೂಬಿಯ ಕೈಯಲ್ಲಿದ್ದವು. ಮಾವ ತೀರಿಕೊಂಡು ವರ್ಷಗಳಾಗಿದ್ದವು. ಬಾಬುಸಾಬನಿಗೆ ಅರಳೆಯ ದೂಳು ಆಗುತ್ತಿರಲಿಲ್ಲ, ಕೆಮ್ಮು ಬರುತ್ತಿತ್ತು. ಹಾಗಾಗಿ ಅವನು ಅಂಗಡಿಯಲ್ಲಿ ಕೂತ. ಹೆಂಗಸರಿಗೂ ಕೆಮ್ಮು ಬರುತ್ತಿತ್ತು. ಆದರೆ ಅವರಿಗೆ ಕೂರಲು ಬೇರೆ ಅಂಗಡಿ ಇರಲಿಲ್ಲ.

ಅರಳೆ ಇದ್ದ ಮನೆಯಲ್ಲಿ ಇಲಿ ತಪ್ಪಿದ್ದಲ್ಲ. ಅರಳೆಯಲ್ಲಿ ಉಳಿದ ಹತ್ತಿಬೀಜಕ್ಕೆ ಬರುತ್ತವೆ, ಬಂದವು ಅಲ್ಲೇ ಮರಿ ಹಾಕುತ್ತವೆ. ಅದಕ್ಕೇ ಅರಳೆ ಹಿಂಜುವ ನದಾಫರ ಮನೆಗಳಲ್ಲಿ ಬೆಕ್ಕು ಸಾಕುತ್ತಾರೆ. ಮಾಬೂಬಿ ಮಾತ್ರ ತನ್ನ ಬೆಕ್ಕಿಗೆ ಇನ್ನೊಂದು ಕೆಲಸ ಹಚ್ಚಿದ್ದಳು. ಗಾದಿ ತುಂಬಿ, ಕೋಲಿನಿಂದ ಬಡಿದು ಸಮ ಮಾಡಿ, ದಬ್ಬಣದಿಂದ ಟಾಕಿ ಹೊಲಿಗೆ ಹಾಕಿ ಮುಗಿದ ಮೇಲೆ ಅದನ್ನು ಪಡಸಾಲೆಯಲ್ಲಿ ಹಾಸಿ ಬೆಕ್ಕನ್ನು ಬಿಡುತ್ತಿದ್ದಳು; ಆಗ ಯಾರೂ ಅದನ್ನು ಮುಟ್ಟಬಾರದು. ಒಳಗೆ ಗಂಟು ಉಳಿದಿದ್ದರೆ ಬೆಕ್ಕು ಆ ಜಾಗ ದಾಟಿ ಹೋಗುತ್ತದೆ, ಅರಳೆ ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಆಗಿದ್ದರೆ ಅಂಚಿನಲ್ಲಿ ಕೂರುತ್ತದೆ, ಎಲ್ಲ ಸರಿಯಾಗಿದ್ದರೆ ನಡುವೆ ಬಂದು ಮುಂಗಾಲಿನಿಂದ ನಾದಿ, ಸುತ್ತಿ ಮಲಗಿ ಗುರುಗುಟ್ಟುತ್ತದೆ ಎಂದು ಅವಳ ಲೆಕ್ಕ. ಮಲಗಿದರಷ್ಟೇ ಸಾಲದು. ಮಲಗುವುದಕ್ಕೆ ಬೆಕ್ಕಿಗೆ ಹಂಚಿನ ಮೇಲೂ ಆಗುತ್ತದೆ. ಗುರುಗುಟ್ಟಬೇಕು. ಗುರುಗುಟ್ಟದ ಗಾದಿಯ ಟಾಕಿ ಬಿಚ್ಚಿ, ಅರಳೆ ತೆಗೆದು, ಮತ್ತೆ ಹಿಂಜಿ ತುಂಬಬೇಕು.

ಆಗ ಮನೆಯಲ್ಲಿದ್ದದ್ದು ಗಿರಣಿ ಎಂಬ ಬೆಕ್ಕು. ಬೂದಿ ಬಣ್ಣದ ಮೈ, ಕಪ್ಪು ಪಟ್ಟೆ, ಬಾಗಿಲಲ್ಲಿ ಕೂತರೆ ಬಂದವರು ದಾಟಿ ಹೋಗಬೇಕಾದಷ್ಟು ದೊಡ್ಡದು. ಅದು ಗುರುಗುಟ್ಟಿದರೆ ಪಕ್ಕದ ಮನೆಯ ಸಾವಿತ್ರೆವ್ವ ತನ್ನ ಒಲೆಯ ಮುಂದೆ ಕೂತೇ, ಮಾಬೂಬಿಯ ಮನೆಯಲ್ಲಿ ಇವತ್ತು ಗಾದಿ ಮುಗಿಯಿತು ಎಂದು ತಿಳಿಯುತ್ತಿದ್ದಳು. ಸೈದಾಬಿ ಹೊಲಿದ ಮೊದಲ ಗಾದಿಯ ಮೇಲೆ ಗಿರಣಿ ಒಂದು ಸುತ್ತು ನಡೆದು ಕೆಳಗಿಳಿದು ಹೋಯಿತು. ಎರಡನೆಯದರ ಮೇಲೆ ಮಲಗಿತು, ಸದ್ದು ಮಾಡಲಿಲ್ಲ. ಎರಡನ್ನೂ ಅತ್ತೆ ಮಾತಿಲ್ಲದೆ ಬಿಚ್ಚಿಸಿದಳು. ಆಮೇಲಿನದರ ಮೇಲೆ ಗಿರಣಿ ನಡುವೆ ಮಲಗಿ ಕಣ್ಣು ಮುಚ್ಚಿ ಗಂಟಲು ತೆರೆದಾಗ ಸೈದಾಬಿ ಕೈಯಲ್ಲಿದ್ದ ದಬ್ಬಣವನ್ನು ಕೆಳಗಿಟ್ಟಳು. ಅತ್ತೆ ಹೇಳಿದ್ದು ಇಷ್ಟೇ:

"ಆತು. ಕಟ್ಟು."

ಇಷ್ಟು ವರ್ಷದಲ್ಲಿ ಮಾಬೂಬಿ ಸೊಸೆಯ ಕೆಲಸವನ್ನು ಬಾಯಿಬಿಟ್ಟು ಹೊಗಳಿದ್ದು ಅಷ್ಟೇ. ಅವಳನ್ನೂ ಯಾರೂ ಹೊಗಳಿರಲಿಲ್ಲ, ಪದ್ಧತಿ ಗೊತ್ತಿರಲಿಲ್ಲ. ಹೊಗಳುವ ಕೆಲಸವನ್ನೂ ಬೆಕ್ಕಿಗೆ ಬಿಟ್ಟಿದ್ದಳು.

ಅಂದಿನಿಂದ ಸೈದಾಬಿ ಬೆಕ್ಕುಗಳ ಗಂಟಲು ಕೇಳುವುದನ್ನು ಕಲಿತಳು. ಸಾವಿತ್ರೆವ್ವನ ಮನೆಯ ಬಿಳಿ ಬೆಕ್ಕು ಹಾಲಿನ ಪಾತ್ರೆ ಕಂಡ ಕೂಡಲೇ ಶುರು ಮಾಡುತ್ತದೆ, ಹಾಲು ಮುಗಿದೊಡನೆ ನಿಲ್ಲಿಸುತ್ತದೆ. ಅದು ವ್ಯಾಪಾರಸ್ಥ ಬೆಕ್ಕು. ಅರಳೆ ಅಂಗಡಿಯ ಗಂಡು ಬೆಕ್ಕಿಗೆ ಉಸಿರು ಒಳಗೆಳೆಯುವಾಗ ಸದ್ದಿಲ್ಲ, ಬಿಡುವಾಗ ಮಾತ್ರ, ಹಳೆಯ ತಿದಿಯ ಹಾಗೆ. ತವರಿನ ಓಣಿಯಲ್ಲಿದ್ದ ಒಂದು ಮುದಿ ಬೆಕ್ಕು ನೋವಾದಾಗಲೂ ಗುರುಗುಟ್ಟುತ್ತಿತ್ತು, ಸಾಯುವ ದಿನವೂ ಗುರುಗುಟ್ಟಿತ್ತು. ಹಾಗಾಗಿ ಗುರುಗುಟ್ಟಿದ್ದೆಲ್ಲ ಸುಖವಲ್ಲ ಎನ್ನುವುದೂ ಅವಳಿಗೆ ಗೊತ್ತಿತ್ತು. ಆದರೆ ಗಾದಿಯ ನಡುವೆ ಮಲಗಿದ ಗಿರಣಿಯ ಸದ್ದಿನಲ್ಲಿ ಸುಳ್ಳಿರಲಿಲ್ಲ.

ತೊಂಬತ್ತಮೂರರ ಸುಮಾರಿಗೆ ಬಾಬುಸಾಬ ಅರಳೆ ಹಿಂಜುವ ಮಷಿನ್ನು ತಂದ. ಬಿಲ್ಲು ಅಟ್ಟ ಸೇರಿತು. ಮಷಿನ್ನು ಇಡಲು ಅಂಗಡಿಯಲ್ಲಿ ಜಾಗವಿಲ್ಲ, ಗದ್ದಲಕ್ಕೆ ಗಿರಾಕಿಗಳು ನಿಲ್ಲುವುದಿಲ್ಲ ಎಂದು ಅದನ್ನು ಮನೆಯ ಪಡಸಾಲೆಯಲ್ಲೇ ಕೂರಿಸಿದ. ಗಿರಾಕಿಗಳು ನಿಲ್ಲಲಾರದ ಗದ್ದಲದಲ್ಲಿ ಅಡುಗೆ ಮಾಡುವವರು ಹೇಗೆ ನಿಲ್ಲುತ್ತಾರೆ ಎನ್ನುವ ಪ್ರಶ್ನೆ ಎದ್ದೇ ಇರಲಿಲ್ಲ. ಓಣಿಯ ಜನ ಬಂದು ನೋಡಿ, ಸೈದಾಬಿಗೆ ಇನ್ನು ಆರಾಮಾಯಿತು ಎಂದು ಹೇಳಿ ಹೋದರು.

ಆರಾಮ ಎಂದರೆ ಹೀಗಿತ್ತು. ಬೆಳಿಗ್ಗೆ ಎದ್ದು ನೀರು ತುಂಬಿ, ರೊಟ್ಟಿ ಬಡಿದು, ಪಲ್ಯ ಇಳಿಸಿ, ಗಂಡನ ಬುತ್ತಿ ಕಟ್ಟಿ, ಮಗಳು ನಿಲೋಫರಳನ್ನು ಸಾಲೆಗೆ ಕಳಿಸಿ, ಅಡುಗೆಯನ್ನೆಲ್ಲ ಎರಡು ಪದರ ಬಟ್ಟೆ ಮುಚ್ಚಿ ಇಡಬೇಕು. ಇಲ್ಲದಿದ್ದರೆ ಸಾರಿನಲ್ಲಿ ಅರಳೆ ತೇಲುತ್ತದೆ. ಮೂಗು ಬಾಯಿಗೆ ಸೆರಗು ಬಿಗಿದುಕೊಂಡು ಮಷಿನ್ನು ಹಾಕಿದರೆ ಮಧ್ಯಾಹ್ನದವರೆಗೆ ಅರಳೆ ತಿನ್ನಿಸುತ್ತಲೇ ಇರಬೇಕು. ಬಿಲ್ಲಿನ ಕಾಲದಲ್ಲಿ ಅತ್ತೆ ಸೊಸೆ ಇಬ್ಬರೂ ದಿನವಿಡೀ ಹಿಂಜಿದರೂ ಒಂದು ಗಾದಿಗೆ ಸಾಲುತ್ತಿರಲಿಲ್ಲ. ಈಗ ಅರಳೆ ಬೇಗ ಆಗುತ್ತದೆ ಎಂದು ಬಾಬುಸಾಬ ಹೆಚ್ಚು ಗಾದಿ ಒಪ್ಪಿಕೊಂಡು ಬರತೊಡಗಿದ. ದಬ್ಬಣಕ್ಕೆ ಮಾತ್ರ ಮೋಟಾರು ಇರಲಿಲ್ಲ. ಮಷಿನ್ನು ನಿಲ್ಲಿಸಿದ ಮೇಲೂ ಅದರ ಗುಂಯ್ ಎನ್ನುವ ಸದ್ದು ಸ್ವಲ್ಪ ಹೊತ್ತು ತಲೆಯಲ್ಲಿ ಉಳಿಯುತ್ತಿತ್ತು. ಹೋಗುತ್ತದೆ ಬಿಡು ಎಂದುಕೊಂಡು ಸೈದಾಬಿ ಪಾತ್ರೆಗೆ ಕೂರುತ್ತಿದ್ದಳು.

ಗಿರಣಿ ಮುಪ್ಪಾಗಿ ಸತ್ತ ಮೇಲೆ ಬಂದದ್ದು ಕಪ್ಪು ಬಿಳುಪಿನ ಹೆಣ್ಣು ಬೆಕ್ಕು. ವರ್ಷವಿಡೀ ಮರಿ ಹಾಕುತ್ತಲೇ ಇದ್ದುದರಿಂದ ಮಾಬೂಬಿ ಅದಕ್ಕೆ ಬಾಣಂತಿ ಎಂದೇ ಹೆಸರಿಟ್ಟಳು. ಅದರ ಗಂಟಲು ಗಿರಣಿಯದರ ಮುಂದೆ ಏನೂ ಅಲ್ಲ ಎಂದು ಸೈದಾಬಿಗೆ ಅನಿಸಿತು. ಹೊಸ್ತಿಲಲ್ಲಿ ನಿಂತರೆ ಕೇಳುತ್ತಿರಲಿಲ್ಲ, ಗಾದಿಯ ಪಕ್ಕ ಮಂಡಿಯೂರಿ ಕೂರಬೇಕಾಗುತ್ತಿತ್ತು. ವರ್ಷ ಕಳೆದಂತೆ ಕಿವಿಯನ್ನು ಅದರ ಬೆನ್ನಿನ ಹತ್ತಿರಕ್ಕೇ ಒಯ್ಯಬೇಕಾಯಿತು. ಹಡೆದು ಹಡೆದು ಅದರ ಶಕ್ತಿ ಹೋಗಿದೆ ಎಂದುಕೊಂಡಳು. ಹೆಣ್ಣು ಜೀವದ ಸದ್ದು ಹೀಗೇ ಅಲ್ಲವೆ ಕಡಿಮೆಯಾಗುವುದು ಎಂದೂ ಒಮ್ಮೆ ಅನಿಸಿತ್ತು.

ಆ ವರ್ಷಗಳಲ್ಲೇ ರಾಮದುರ್ಗದಿಂದ ಅವ್ವನಿಗೆ ಹುಷಾರಿಲ್ಲ ಎಂದು ಸುದ್ದಿ ಬಂದಿತ್ತು. ಮದುವೆಗಳ ಕಾಲ, ಅರ್ಧ ಹೊಲಿದ ಗಾದಿಗಳು ಪಡಸಾಲೆ ತುಂಬ ಬಿದ್ದಿದ್ದವು. ಇಷ್ಟು ಮುಗಿಸಿ ಹೋಗು, ಮುದುಕಿ ಎಲ್ಲಿಗೂ ಹೋಗುವುದಿಲ್ಲ ಎಂದ ಬಾಬುಸಾಬ. ಸೈದಾಬಿ ಮುಗಿಸಿ ಹೋದಳು. ಬಸ್ಸಿಳಿದು ಓಣಿಗೆ ಕಾಲಿಟ್ಟಾಗ ಗಂಡಸರು ಕಬರಸ್ತಾನದಿಂದ ತಿರುಗಿ ಬರುತ್ತಿದ್ದರು. ಅವಳು ಆ ವಿಷಯವನ್ನು ಗಂಡನ ಮುಂದೆ ಎತ್ತಲಿಲ್ಲ. ಅವನೂ ಎತ್ತಲಿಲ್ಲ.

ಮುಂದೆ ಅತ್ತೆ ತೀರಿಕೊಂಡಳು. ನಿಲೋಫರ್ ಸವದತ್ತಿಗೆ ಮದುವೆಯಾಗಿ ಹೋದಳು. ಮನೆ ಸದ್ದಿಲ್ಲದಾಯಿತು. ಸದ್ದಿಲ್ಲದಾಯಿತು ಎಂದು ಸೈದಾಬಿಗೆ ಅನಿಸಿದ್ದು ಬರೀ ಜನ ಕಡಿಮೆಯಾದದ್ದಕ್ಕಲ್ಲ. ಬಾಬುಸಾಬ ಮಾತು ಬಿಟ್ಟಂತಾಗಿದ್ದ. ಮೊದಲು ಬಾಗಿಲಿನಿಂದಲೇ ನೀರು ಎಂದೋ ಚಹಾ ಎಂದೋ ಕೂಗುತ್ತಿದ್ದವನು ಈಗ ಬಂದು ಸುಮ್ಮನೆ ಕೂರುತ್ತಿದ್ದ, ಊಟ ಮಾಡಿ ಸುಮ್ಮನೆ ಏಳುತ್ತಿದ್ದ. ಕೆಲವೊಮ್ಮೆ ಬೆನ್ನ ಹಿಂದೆ ನಿಂತು ಮುಖ ಗಂಟಿಕ್ಕಿಕೊಂಡಿರುತ್ತಿದ್ದ; ಯಾಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಸಾವಿತ್ರೆವ್ವ ಗೋಡೆಯಾಚೆಯಿಂದ ಮಾತಾಡುವುದನ್ನು ನಿಲ್ಲಿಸಿದ್ದಳು. ಮಸೀದಿಯವರು ಅಗ್ಗದ ಮೈಕು ತಂದಿರಬೇಕು, ಬಾಂಗಿನ ಸದ್ದು ಸಣ್ಣದಾಗಿತ್ತು. ಸವದತ್ತಿಯಿಂದ ಮಗಳ ಫೋನು ಬಂದರೆ ಬರೀ ಗೊರಗೊರ. ಲೈನು ಸರಿಯಿಲ್ಲ ಎಂದು ಸೈದಾಬಿ ಅದನ್ನು ಗಂಡನ ಕೈಗೆ ಕೊಡುತ್ತಿದ್ದಳು. ಅವನು ಸಲೀಸಾಗಿ ಮಾತಾಡುತ್ತಿದ್ದ, ಮಾತಾಡುತ್ತ ಹೆಂಡತಿಯ ಕಡೆ ಒಂದು ಥರ ನೋಡುತ್ತಿದ್ದ. ಅವ್ವನಿಗೆ ನನ್ನ ಜೊತೆ ಮಾತೇ ಬೇಡವಾಗಿದೆ ಎಂದು ಮಗಳು ಆಚೆಯಿಂದ ಅಳುತ್ತಿದ್ದದ್ದು ಸೈದಾಬಿಗೆ ಬಹಳ ದಿನ ಗೊತ್ತಾಗಲಿಲ್ಲ.

ಬಾಣಂತಿಯೂ ಹೋದ ಮೇಲೆ ಜಿನ್ನಿಂಗ್ ಫ್ಯಾಕ್ಟರಿಯ ಕಡೆಯಿಂದ ಹೊಗೆಬಣ್ಣದ ಒಂದು ಮರಿ ತಾನಾಗಿಯೇ ಬಂದು ಅರಳೆಯ ಗುಡ್ಡೆಯಲ್ಲಿ ಸೇರಿಕೊಂಡಿತು. ಬೇಟೆಯಲ್ಲಿ ಜಾಣೆ. ಕಾಲು ಸುತ್ತುತ್ತಿತ್ತು, ಗದ್ದ ಒರಸುತ್ತಿತ್ತು. ಗಂಟಲು ಮಾತ್ರ ಇರಲಿಲ್ಲ. ಸೈದಾಬಿ ಅದನ್ನು ಮೂಕಿ ಎಂದು ಕರೆದಳು.

ಮೊದಲ ಗಾದಿ ಹಾಸಿದಾಗ ಮೂಕಿ ನಡುವೆ ಬಂದು ನಾದಿ ನಾದಿ ಸುತ್ತಿ ಮಲಗಿತು. ಸೈದಾಬಿ ಮಂಡಿಯೂರಿ ಕಾದಳು. ಏನೂ ಇಲ್ಲ. ಬಗ್ಗಿ ಕಿವಿ ಕೊಟ್ಟಳು. ತಲೆಯಲ್ಲಿ ಸದಾ ಇರುವ ಮಷಿನ್ನಿನ ಗುಂಯ್ ಬಿಟ್ಟರೆ ಏನೂ ಇಲ್ಲ. ಅತ್ತೆ ಇದ್ದಿದ್ದರೆ ಏನು ಹೇಳುತ್ತಿದ್ದಳೋ ಅದನ್ನೇ ತಾನು ಮಾಡಿದಳು. ಟಾಕಿ ಬಿಚ್ಚಿದಳು, ಅರಳೆ ತೆಗೆದಳು, ಮತ್ತೆ ಹಿಂಜಿದಳು, ಮತ್ತೆ ತುಂಬಿದಳು. ಮೂಕಿ ಮತ್ತೆ ಮಲಗಿತು, ಮತ್ತೆ ಸುಮ್ಮನಿತ್ತು. ಗಿರಾಕಿಗೆ ಹೇಳಿದ ದಿನ ಬಂದದ್ದರಿಂದ ಬಾಬುಸಾಬ ಗಾದಿಯನ್ನು ಹಾಗೇ ಹೊತ್ತುಕೊಂಡು ಹೋದ. ಒಪ್ಪಿಗೆಯಿಲ್ಲದ ಗಾದಿ ಮನೆಯಿಂದ ಹೊರಗೆ ಹೋದದ್ದು ಅದೇ ಮೊದಲು. ಯಾರದೋ ಮಗಳು ಗಂಟಿನ ಮೇಲೆ ಮಲಗುತ್ತಾಳೆ ಎಂದು ಸೈದಾಬಿಗೆ ಊಟ ಸೇರಲಿಲ್ಲ.

ಹೀಗೆ ಒಂದಲ್ಲ, ಆಮೇಲಿನ ಎಲ್ಲ ಗಾದಿಗಳೂ. ಹೊಲಿದದ್ದನ್ನು ಬಿಚ್ಚುವುದು, ಬಿಚ್ಚಿದ್ದನ್ನು ಹೊಲಿಯುವುದು. ಅಡುಗೆ ಮನೆಯಲ್ಲಾದರೆ ಹೆಂಗಸು ದಿನಾ ಮಾಡಿದ್ದು ದಿನಾ ಅಳಿಯುತ್ತದೆ, ಅದಕ್ಕೆ ಅವಳಿಗೆ ಅಭ್ಯಾಸವಿದೆ. ಗಾದಿ ಮಾತ್ರ ಉಳಿಯುವ ಕೆಲಸ, ಹಾಸಿ ಮಡಿಸಿ ಮಕ್ಕಳ ಕಾಲದವರೆಗೂ ಬರುವಂಥದ್ದು. ಈಗ ಅದೂ ರೊಟ್ಟಿಯ ಸಾಲಿಗೆ ಸೇರಿತು. ಸೈದಾಬಿ ತನ್ನ ಕೈಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ದಬ್ಬಣ ಚುಚ್ಚಿ ಗಟ್ಟಿಯಾದ ಅವೇ ಬೆರಳುಗಳು. ಅರಳೆಯನ್ನು ಮುಟ್ಟಿದರೆ ಮೊದಲಿನ ಹಾಗೆಯೇ ಸಮ ಅನಿಸುತ್ತಿತ್ತು. ಆದರೆ ಬೆಕ್ಕು ಒಪ್ಪುತ್ತಿಲ್ಲ. ತನ್ನ ಕೈಗಳಿಗೇ ತಿಳಿಯದ ಹಾಗೆ ಕೈ ಕೆಟ್ಟಿರಬಹುದೆ ಎನ್ನುವ ಹೆದರಿಕೆ ಸೇರಿಕೊಂಡಿತು. ಕೈ ಹೋದರೆ ಆ ಮನೆಯಲ್ಲಿ ತನ್ನದೆನ್ನುವುದು ಏನು ಉಳಿಯಿತು ಎಂದು ಹುಡುಕಿದರೆ ಅವಳಿಗೆ ಏನೂ ಸಿಗುತ್ತಿರಲಿಲ್ಲ. ಇದನ್ನು ಯಾರ ಮುಂದೆ ಹೇಳುವುದು. ಮಾತಾಡುವವರು ಯಾರಿದ್ದರು.

ಗಾದಿಗಳು ತಡವಾಗತೊಡಗಿದವು. ಪೇಟೆಯಲ್ಲಿ ಆಗಲೇ ಫೋಮಿನ ಗಾದಿಗಳು ಬಂದಿದ್ದವು. ಹಿಂಜುವುದಿಲ್ಲ, ಹೊಲಿಯುವುದಿಲ್ಲ, ಸುರುಳಿ ಸುತ್ತಿ ಬಸ್ಸಿನ ಮೇಲೆ ಹಾಕಿಕೊಂಡು ಹೋಗಬಹುದು. ಒಂದು ಮಧ್ಯಾಹ್ನ ಬಾಬುಸಾಬ ಮನೆಗೆ ಬಂದಾಗ ಸೈದಾಬಿ ಮತ್ತೊಂದು ಗಾದಿಯ ಟಾಕಿ ಬಿಚ್ಚುತ್ತ ಕೂತಿದ್ದಳು. ಅವನು ಎದುರಿಗೆ ಬಂದು ನಿಂತು, ಅಪರೂಪಕ್ಕೆ ಎತ್ತರದ ದನಿಯಲ್ಲಿ ಹೇಳಿದ:

"ಸಾಕು ಮಾಡು. ಇನ್ನಮ್ಯಾಲೆ ಬೆಳಗಾವಿಂದ ಫೋಮ್ ತಂದ ಮಾರತೇನಿ. ನಿನ್ನ ಕೈ ಸೋತಾವು."

ಅವಳು ಅವನ ಮುಖ ನೋಡಿ ಮತ್ತೆ ಟಾಕಿಗೆ ಬಗ್ಗಿದಳು. ಆ ಮಾತು ಮಾತ್ರ ಪೂರ್ತಿ ಕೇಳಿಸಿತ್ತು.

ಕೈಯಲ್ಲಿ ಉಳಿದದ್ದು ಒಂದೇ ಗಾದಿ. ಹೇಳಿ ಹೋದವಳು ಕಿತ್ತೂರಿನ ಹತ್ತಿರದ ದೇಗಾಂವದ ಕೃಷ್ಣವ್ವ. ಅರವತ್ತರ ಹತ್ತಿರದ ವಿಧವೆ, ಗಂಡ ಹೋದಾಗಿನಿಂದ ಹೊಲವನ್ನು ತಾನೇ ಮಾಡಿಸಿಕೊಂಡು ಬಂದವಳು. ತನ್ನ ಹೊಲದ ಹತ್ತಿಯನ್ನೇ ಅರಳೆ ಮಾಡಿಸಿ ಟೆಂಪೋದಲ್ಲಿ ಹಾಕಿಕೊಂಡು ಬಂದಿದ್ದಳು. ಯಾರ ಮದುವೆ ಎಂದು ಬಾಬುಸಾಬ ವಾಡಿಕೆಯಂತೆ ಕೇಳಿದ. ಮದುವೆಯೂ ಅಲ್ಲ ಬಾಣಂತನವೂ ಅಲ್ಲ, ನನಗೇ ಎಂದಳು. ಹುಟ್ಟಿದಾಗಿನಿಂದ ಕೌದಿಯ ಮೇಲೆ ಮಲಗಿದ್ದೇನೆ, ಹತ್ತಿ ಬಿಡಿಸಿ ಬಿಡಿಸಿ ಬೆನ್ನು ಹೋಗಿದೆ, ಬೆಳೆದ ಹತ್ತಿಯ ಮೇಲೆ ಒಂದು ದಿನವಾದರೂ ಮಲಗಿ ಸಾಯಬೇಕು ಎಂದು ಹೇಳಿ ತಾನೇ ನಕ್ಕಳು. ಬಾಬುಸಾಬನಿಗೆ ಏನು ಹೇಳಬೇಕೋ ತಿಳಿಯದೆ ಅವಳನ್ನು ಮನೆಗೆ ಕಳಿಸಿದ್ದ.

ಸೈದಾಬಿಗೆ ಕೃಷ್ಣವ್ವ ಹಿಡಿಸಿದಳು. ಹೊಲದ ಆ ತುದಿಯಲ್ಲಿದ್ದ ಆಳನ್ನು ಈ ತುದಿಯಿಂದ ಕರೆದು ಅಭ್ಯಾಸವಾದ ಗಂಟಲು, ಆಡಿದ ಒಂದೊಂದು ಮಾತೂ ಬಿಡಿಬಿಡಿಯಾಗಿ ತಿಳಿಯುತ್ತಿತ್ತು. ಈ ಪೇಟೆಯ ಜನರ ಹಾಗೆ ಬಾಯೊಳಗೆ ಮಾತು ಅಗಿಯುವುದಿಲ್ಲ ಎಂದುಕೊಂಡಳು. ಇಷ್ಟು ವರ್ಷ ಗಾದಿ ಹೊಲಿದರೂ ಹೆಂಗಸೊಬ್ಬಳು ತನ್ನ ಬೆನ್ನಿಗೆಂದು ಗಾದಿ ಹೇಳಿದ್ದನ್ನು ಸೈದಾಬಿ ನೋಡಿರಲಿಲ್ಲ. ಅವಳದೇ ಹಾಸಿಗೆ ಚಾಪೆ, ಅದರ ಮೇಲೆ ಹಳೆಯ ಸೀರೆಗಳ ಕೌದಿ. ಗಾದಿಯ ಮನೆಯಲ್ಲಿದ್ದೂ ಅದರ ಮೇಲೆ ಮಲಗುವುದು ಅವಳಿಗೆ ಹೊಳೆದೇ ಇರಲಿಲ್ಲ.

ಕೃಷ್ಣವ್ವನ ಅರಳೆ ಉದ್ದ ಎಳೆಯದು, ಬೀಜವಿಲ್ಲದ್ದು, ಕೈಗೆ ಬೆಚ್ಚಗೆ ಹತ್ತುವಂಥದ್ದು. ಇದಾದರೂ ಒಪ್ಪಿಗೆಯಾಗಲಿ ಎಂದು ಸೈದಾಬಿ ಮಷಿನ್ನಿಗೆ ಹಾಕಿದ ಮೇಲೆ ಮತ್ತೆ ಅಟ್ಟದಿಂದ ಬಿಲ್ಲನ್ನಿಳಿಸಿ ಅತ್ತೆಯ ಹಾಗೆ ಇನ್ನೊಮ್ಮೆ ಹಿಂಜಿದಳು. ತುಂಬುವಾಗ ಹಿಡಿ ಹಿಡಿಯನ್ನೂ ಬೆರಳಲ್ಲಿ ಬಿಡಿಸಿ ನೋಡಿದಳು. ಗಾದಿ ಮುಗಿದು ಹಾಸಿದಾಗ ಮೂಕಿ ಬಂದು ನಡುವೆ ನಾದಿ ಮಲಗಿತು. ಸುಮ್ಮನಿತ್ತು. ಬಿಚ್ಚಿದಳು, ಮತ್ತೆ ತುಂಬಿ ಹೊಲಿದಳು. ಆಗಲೂ ಸುಮ್ಮನಿತ್ತು. ಗಾದಿ ಒಯ್ಯಲು ಕೃಷ್ಣವ್ವ ಬರುವ ದಿನ ಬಂತು. ಟಾಕಿ ಮತ್ತೆ ಬಿಚ್ಚಲು ಬ್ಲೇಡು ಹಿಡಿದು ಕೂತವಳ ಮುಂದೆ ನೆರಳು ಬಿದ್ದಾಗ ತಲೆ ಎತ್ತಿದಳು. ಕೃಷ್ಣವ್ವ ಚಪ್ಪಲಿ ಕಳಚಿ ಒಳಗೆ ಬಂದೇ ಬಿಟ್ಟಿದ್ದಳು.

ಗಾದಿ ಆಗಿಲ್ಲ, ಇನ್ನೂ ಎಂಟು ದಿನ ಬೇಕು, ಬೇಡವೆಂದರೆ ಅರಳೆ ತಿರುಗಿ ಕೊಡುತ್ತೇನೆ, ನನ್ನ ಕೈಯಿಂದ ಇನ್ನು ಆಗುವುದಿಲ್ಲ ಎಂದು ಸೈದಾಬಿ ಒಂದೇ ಉಸಿರಿಗೆ ಹೇಳಿದಳು. ಕೃಷ್ಣವ್ವ ಗಾದಿಯ ಸುತ್ತ ನಡೆದು, ನಾಲ್ಕು ಮೂಲೆ ಒತ್ತಿ, ನಡುವೆ ಮಲಗಿದ್ದ ಬೆಕ್ಕನ್ನು ನೋಡಿ, ಕೊನೆಗೆ ಸೈದಾಬಿಯ ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

"ಏನಾಗೇತಿ ಇದಕ್ಕ? ನನ್ನ ಕಣ್ಣಿಗೆ ಏನೂ ಕಾಣವಲ್ದು."

"ಬೆಕ್ಕು ಗುರುಗುಡವಲ್ದು ಯಕ್ಕಾ. ಗಾದಿ ಒಪ್ಪಿಲ್ಲ ಅದು."

ಕೃಷ್ಣವ್ವ ಅವಳ ಮುಖವನ್ನೇ ನೋಡಿದಳು, ಚೇಷ್ಟೆ ಮಾಡುತ್ತಿದ್ದಾಳೆಯೆ ಎನ್ನುವ ಹಾಗೆ. ಆಮೇಲೆ ಬೆಕ್ಕಿನ ಕಡೆ ನೋಡಿದಳು.

"ಹುಚ್ಚಿ ಅದೀ ಏನ? ಓಣಿಗೆ ಕಾಲಿಟ್ಟಾಗ ಯಾರೋ ಬಾಗಲದಾಗ ಮೋಟಾರ ಸೈಕಲ್ ಚಾಲೂ ಇಟ್ಟಾರ ಅಂತ ತಿಳಕೊಂಡೆ. ಒಳಗ ಬಂದ ಮ್ಯಾಲ ಗೊತ್ತಾತು, ಬೆಕ್ಕು."

ಸೈದಾಬಿ ಬಗ್ಗಿ ಮೂಕಿಯ ಬೆನ್ನಿನ ಹತ್ತಿರ ಕಿವಿ ಒಯ್ದಳು. ಅದೇ ಗುಂಯ್, ಮಷಿನ್ನಿನದು. ಮಷಿನ್ನು ಅಂದು ಬೆಳಿಗ್ಗೆಯಿಂದ ಹಾಕಿಯೇ ಇರಲಿಲ್ಲ. ಕೃಷ್ಣವ್ವ ಅವಳ ಬೆನ್ನ ಹಿಂದೆ ಹೋಗಿ ನಿಂತು ಏನೋ ಅಂದಳಂತೆ. ಮತ್ತೆ ಎದುರಿಗೆ ಬಂದು ಕೂತಾಗ ಅವಳ ಮುಖ ಬದಲಾಗಿತ್ತು.

"ನಿನ್ನ ಹೆಸರ ಹಿಡದ ಕರದೆ, ತಂಗಿ. ಎರಡ ಸಲ."

ಆಗ ಸೈದಾಬಿಗೆ ಎಲ್ಲ ಒಟ್ಟಿಗೆ ತಿಳಿಯಿತು. ಮಸೀದಿಯ ಮೈಕು ಸರಿಯಾಗಿಯೇ ಇತ್ತು. ಸವದತ್ತಿಯ ಲೈನು ಸರಿಯಾಗಿಯೇ ಇತ್ತು. ಸಾವಿತ್ರೆವ್ವ ಗೋಡೆಯಾಚೆಯಿಂದ ಎಷ್ಟೋ ಸಲ ಮಾತಾಡಿ, ಉತ್ತರ ಬಾರದೆ, ಇವಳಿಗೆ ಸೊಕ್ಕು ಬಂದಿದೆ ಎಂದು ಬಿಟ್ಟಿರಬೇಕು. ಬಾಣಂತಿ ಸೋತಿರಲಿಲ್ಲ. ಮೂಕಿ ಮೂಕಿಯಾಗಿರಲಿಲ್ಲ. ಆದರೆ ಇವೆಲ್ಲಕ್ಕಿಂತ ಮೊದಲು ಅವಳಿಗೆ ಹೊಳೆದದ್ದು ತನ್ನ ಕೈಗಳು. ಕೈ ಕೆಟ್ಟಿರಲಿಲ್ಲ. ಬಿಚ್ಚಿದ ಒಂದೊಂದು ಗಾದಿಯೂ ಸರಿಯಾಗಿಯೇ ಇತ್ತು. ಯಾರದೋ ಮಗಳು ಗಂಟಿನ ಮೇಲೆ ಮಲಗಿರಲಿಲ್ಲ. ಕಿವಿ ಹೋಯಿತೆಂದು ತಿಳಿದ ಗಳಿಗೆಯಲ್ಲಿ ಒಬ್ಬ ಹೆಂಗಸು ನಗುವುದನ್ನು ಕೃಷ್ಣವ್ವ ಎಂದೂ ನೋಡಿರಲಿಲ್ಲ. ಅವಳೂ ನಕ್ಕಳು. ಆಮೇಲೆ ಸೈದಾಬಿಯ ಕೈಯಿಂದ ಬ್ಲೇಡು ತೆಗೆದು ಆಚೆ ಇಟ್ಟಳು.

ಗಾದಿಯ ಮೇಲೆ ಮಲಗಿ ನೋಡಬಹುದೆ ಎಂದು ಕೃಷ್ಣವ್ವ ಕೇಳಿದಳು. ಬೆಕ್ಕು ಒಪ್ಪಿತಲ್ಲ, ಮಲಗಿ ಎಂದಳು ಸೈದಾಬಿ. ದೇಗಾಂವದ ಹೆಂಗಸು ಸೀರೆ ಸರಿಮಾಡಿಕೊಂಡು ಅಂಗಾತ ಮಲಗಿ, ಜಂತಿ ನೋಡುತ್ತ, ಬಹಳ ಹೊತ್ತು ಏನೂ ಮಾತಾಡಲಿಲ್ಲ. ಅಥವಾ ಮಾತಾಡಿರಬಹುದು. ಹೋಗುವಾಗ, ಉಳಿದ ಅರಳೆ ಇಲ್ಲೇ ಇರಲಿ, ಇಷ್ಟಕ್ಕೆ ಮತ್ತೆ ಟೆಂಪೋ ಯಾಕೆ ಎಂದು ಕೈ ಮಾಡಿ ತೋರಿಸಿದಳು. ಉಳಿದದ್ದು ಅಷ್ಟು ಕಡಿಮೆಯೇನೂ ಇರಲಿಲ್ಲ.

ಸಂಜೆ ಬಾಬುಸಾಬ ಬಂದ. ಸೈದಾಬಿ ಅವನನ್ನು ಎದುರಿಗೆ ಕೂರಿಸಿಕೊಂಡಳು. ತನಗೆ ಕಿವಿ ಕೇಳುವುದಿಲ್ಲ ಎಂದಳು. ಅವನು ಮೊದಲು ನಂಬಲಿಲ್ಲ. ಎದ್ದು ಹೋಗಿ ಬಾಗಿಲಿನಿಂದ ಕರೆದು ನೋಡಿದ, ಅಡುಗೆ ಮನೆಯಿಂದ ಕರೆದು ನೋಡಿದ. ಅವಳು ಗೋಡೆಯ ಕಡೆ ಮುಖ ಮಾಡಿ ಕೂತೇ ಇದ್ದಳು. ತಿರುಗಿ ಬಂದು ಕೂತಾಗ ಅವನ ಕೈಗಳಿಗೆ ಏನು ಮಾಡಬೇಕೋ ತಿಳಿಯುತ್ತಿರಲಿಲ್ಲ. ಹತ್ತಿರಕ್ಕೆ ಸರಿದು, ತುಟಿ ಅಗಲ ಮಾಡಿ, ಗಟ್ಟಿಯಾಗಿ ಹೇಳಿದ:

"ನಾ ಕರದರ ನೀ ಓ ಅನ್ನತಿರಲಿಲ್ಲ. ನಿಮ್ಮವ್ವನ ಮಣ್ಣಿಗೆ ಹೋಗಾಕ ಬಿಡಲಿಲ್ಲಲ್ಲ, ಆ ಸಿಟ್ಟು ಅಂತ ತಿಳಕೊಂಡಿದ್ದೆ."

ಸೈದಾಬಿ ಅವನ ಬಾಯನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಅವನಿಗೆ ಅದು ನೆನಪಿತ್ತು. ನೆನಪಿದ್ದೂ ಕೇಳಿರಲಿಲ್ಲ. ಹೆಂಡತಿ ಯಾಕೆ ಮಾತಾಡುತ್ತಿಲ್ಲ ಎಂದು ಒಂದು ದಿನ ಎದುರಿಗೆ ಕೂತು ಕೇಳಿದ್ದರೆ ಆ ದಿನವೇ ಕಿವಿಯ ವಿಷಯ ತಿಳಿಯುತ್ತಿತ್ತು. ಕೇಳದೆ ಇರುವುದು ಅವನಿಗೆ ಹಗುರವಾಗಿತ್ತು.

"ಸಿಟ್ಟೂ ಇತ್ರಿ," ಎಂದಳು. "ಅದು ಬ್ಯಾರೆ."

ಬೆಳಗಾವಿಯ ದವಾಖಾನೆಯಲ್ಲಿ ಪರೀಕ್ಷೆ ಮಾಡಿದ ಡಾಕ್ಟರು, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಿ, ಮಷಿನ್ನು ಹಾಕುವಾಗ ಕಿವಿಗೆ ಅರಳೆಯನ್ನಾದರೂ ಇಟ್ಟುಕೊಳ್ಳಬಾರದಿತ್ತೆ ಎಂದು ಬಾಬುಸಾಬನಿಗೆ ಹೇಳಿದರು. ಅವನು ಅದನ್ನು ಬಸ್ಸಿನಲ್ಲಿ ಹೆಂಡತಿಗೆ ಕೂಗಿ ಹೇಳುವುದಕ್ಕೆ ನಾಚಿ, ಮನೆಗೆ ಬಂದ ಮೇಲೆ ಹೇಳಿದ. ಸೈದಾಬಿ ಪಡಸಾಲೆಯತ್ತ ನೋಡಿದಳು. ಗೋಡೆಯೆತ್ತರಕ್ಕೆ ಅರಳೆ. ಜಂತಿಯಲ್ಲಿ ಅರಳೆ, ಗೋಡೆಯ ಗೂಡಿನಲ್ಲಿ ಅರಳೆ, ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲೂ ಅರಳೆ. ಇಷ್ಟು ವರ್ಷದಲ್ಲಿ ಅದರಿಂದ ಎರಡು ಉಂಡೆ ಮಾಡಿ ಕಿವಿಗೆ ಇಡಬೇಕೆಂದು ಅವಳಿಗೂ ಹೊಳೆದಿರಲಿಲ್ಲ, ಯಾರಿಗೂ ಹೊಳೆದಿರಲಿಲ್ಲ. ಅರಳೆ ಇದ್ದದ್ದು ಗಿರಾಕಿಗಳಿಗೆ.

ಮಷಿನ್ನನ್ನು ಬಾಬುಸಾಬ ಅಂಗಡಿಯ ಹಿಂದಿನ ಶೆಡ್ಡಿಗೆ ಸಾಗಿಸಿದ. ಹುಡುಕಿದರೆ ಜಾಗ ಸಿಕ್ಕಿತು. ಹಾಕಲು ಒಬ್ಬ ಆಳನ್ನಿಟ್ಟ. ಫೋಮೂ ಬಂತು. ಗಾದಿ ಹೇಳುವವರು ಕಡಿಮೆಯಾದರು, ಸ್ವಂತ ಹತ್ತಿ ಇದ್ದ ಹಳ್ಳಿಯವರು ಮಾತ್ರ ಬರುತ್ತಿದ್ದರು. ಸೈದಾಬಿಗೆ ಅಷ್ಟು ಸಾಕಾಗಿತ್ತು. ಸವದತ್ತಿಯಿಂದ ನಿಲೋಫರ್ ಬಂದು ಅವ್ವನ ಮುಖಕ್ಕೆ ಮುಖ ಕೊಟ್ಟು ಮಾತಾಡಿ, ಅತ್ತು, ನಾಲ್ಕು ದಿನವಿದ್ದು ಹೋದಳು. ಅವಳಿಗೂ ಮನೆಯಿತ್ತು, ಅಲ್ಲಿಯೂ ರೊಟ್ಟಿ ಬಡಿಯಬೇಕಿತ್ತು. ಹೋದ ಮೇಲೆ ಮನೆ ಮೊದಲಿನ ಹಾಗೇ ಆಯಿತು. ಕಾರಣ ತಿಳಿದರೆ ಒಂಟಿತನ ಕಡಿಮೆಯಾಗುತ್ತದೆ ಎಂದು ಸೈದಾಬಿ ಅಂದುಕೊಂಡಿದ್ದಳು. ಕಡಿಮೆಯಾಗಲಿಲ್ಲ. ಮಾತಾಡುತ್ತಿಲ್ಲ ಎಂದು ಜನರ ಮೇಲೆ ಮುನಿಯುವುದಾದರೂ ಮೊದಲು ಇತ್ತು. ಈಗ ಅದೂ ಇರಲಿಲ್ಲ.

ಒಂದು ಬದಲಾವಣೆ ಮಾತ್ರ ಆಯಿತು. ಏನಾದರೂ ಬೇಕಾದವರು ಎದ್ದು ಅವಳ ಎದುರಿಗೆ ಬರಬೇಕಾಗಿತ್ತು. ಕೂತಲ್ಲಿಂದ ಕೂಗಿ ಚಹಾ ತರಿಸುವ ಕಾಲ ಆ ಮನೆಯಲ್ಲಿ ಮುಗಿಯಿತು. ಅಷ್ಟು ದೂರ ನಡೆದು ಬಂದ ಮೇಲೆ ಬಾಬುಸಾಬ ಕೆಲವೊಮ್ಮೆ ನೀರನ್ನು ತಾನೇ ತುಂಬಿಕೊಳ್ಳುತ್ತಿದ್ದ.

ಬೇಸಿಗೆ ಮುಗಿಯುವ ಹೊತ್ತಿಗೆ ಸೈದಾಬಿ ಕೃಷ್ಣವ್ವ ಬಿಟ್ಟುಹೋದ ಅರಳೆಯನ್ನು ಬಿಲ್ಲಿನಿಂದ ಹಿಂಜಿ, ಒಂದು ಸಣ್ಣ ಗಾದಿ ತುಂಬಿದಳು. ಟಾಕಿ ಮುಗಿಸಿ ಪಡಸಾಲೆಯಲ್ಲಿ, ಮಷಿನ್ನು ಇದ್ದ ಜಾಗದಲ್ಲೇ ಹಾಸಿದಳು. ಮೂಕಿ ಬಂದು ಮೂಸಿ ನೋಡಿ, ನಡುವೆ ನಿಂತು, ಮುಂಗಾಲಿನಿಂದ ನಾದಿ ಸುತ್ತಿ ಮಲಗಿತು. ಸೈದಾಬಿ ಗಾದಿಗೆ ಅಂಗೈ ಊರಿ ನೋಡಿದಳು. ಏನೂ ತಿಳಿಯಲಿಲ್ಲ; ಚೆನ್ನಾಗಿ ಹಿಂಜಿದ ಅರಳೆ ನಡುಕವನ್ನು ದಾಟಿಸುವುದಿಲ್ಲ, ನುಂಗಿಬಿಡುತ್ತದೆ. ಬೆಕ್ಕನ್ನು ಮುಟ್ಟಿದರೆ ತಿಳಿಯುತ್ತದೆ, ಆದರೆ ಮುಟ್ಟಿದರೆ ಅದು ಕೈಯ ಸುಖಕ್ಕೆ ಗುರುಗುಟ್ಟೀತು. ಗಾದಿಯ ಒಪ್ಪಿಗೆಗೆ ಕೈ ಹಾಕಬಾರದು ಎಂದು ಅತ್ತೆಯ ಕಟ್ಟಳೆ.

ಅವಳು ಸ್ವಲ್ಪ ಯೋಚಿಸಿದಳು. ನೆಲದಿಂದ ಅರಳೆಯ ಒಂದು ಎಳೆ ಎತ್ತಿ, ಉಸಿರು ಬಿಗಿಹಿಡಿದು, ಮೂಕಿಯ ಗಂಟಲ ಕೂದಲಿಗೆ ಮೆಲ್ಲಗೆ ಸಿಕ್ಕಿಸಿ ಕೈ ತೆಗೆದು ಕಾದಳು. ಬಿಳಿಯ ಎಳೆ ಹೊಗೆಬಣ್ಣದ ಮೇಲೆ ಸುಮ್ಮನಿತ್ತು. ಆಮೇಲೆ ತುದಿ ಅಲುಗಿತು. ಬೆಕ್ಕು ಕಣ್ಣು ಮುಚ್ಚಿದಂತೆ ಎಳೆ ಪೂರ್ತಿ ನಡುಗತೊಡಗಿತು, ಬಿಲ್ಲಿನ ಹೆದೆಯ ಹಾಗೆ, ನಿಲ್ಲದೆ.

ಬಾಗಿಲಲ್ಲಿ ಬೆಳಕು ಮರೆಯಾಯಿತು. ಬಾಬುಸಾಬ ಅಲ್ಲೇ ನಿಂತು ಏನೋ ಕೇಳುತ್ತಿದ್ದ. ಅವಳು ತಿರುಗಲಿಲ್ಲ. ಅವನು ಚಪ್ಪಲಿ ಬಿಟ್ಟು, ಒಳಗೆ ಬಂದು, ಗಾದಿಯನ್ನು ಸುತ್ತಿ ಅವಳ ಎದುರಿಗೆ ಬಂದು ಕೂತು, ಯಾರ ಗಾದಿ ಎಂದು ಬಾಯಿ ಅಗಲ ಮಾಡಿ ಕೇಳಿದ.

"ನಂದು," ಎಂದಳು ಸೈದಾಬಿ, ಎಳೆಯಿಂದ ಕಣ್ಣು ತೆಗೆಯದೆ. "ಗದ್ಲ ಮಾಡಬ್ಯಾಡ್ರಿ."